ಹೆಬ್ಬೆರಳಿನದೇನೂ ತಪ್ಪಿರಲಿಲ್ಲ

ನವೆಂಬರ್ ೧೭, ಸೋಮವಾರ. ನಾಸಿಕ್.

ಆ ನೆಟ್‌ವರ್ಕ್ ಸ್ವಿಚ್ಚನ್ನು ಕಿತ್ತು ಗೋದಾವರಿಗೆ ಎಸೆಯಬೇಕೆನಿಸಿತ್ತು. ನಾಲ್ಕನೇ ಸೋಮವಾರವೂ ಅದೇ ರಗಳೆ. ಹನ್ನೊಂದಾದರೆ ನಮ್ಮ ಪಿಂಚಣಿ ಕಚೇರಿಯ ನೆಟ್‌ವರ್ಕ್ ತೆವಳುತ್ತದೆ. ಬದುಕಿದ್ದೇವೆಂದು ತೋರಿಸಲು ಬಂದ ಪಿಂಚಣಿದಾರರು ಹೆಬ್ಬೆರಳು ಒತ್ತಿದರೆ ಪರದೆಯ ಮೇಲೆ ಚಕ್ರ ತಿರುಗುತ್ತದೆ, ಅಷ್ಟೇ. ಕೇಬಲ್ ಬದಲಿಸಿದೆ, ಪೋರ್ಟ್ ಬದಲಿಸಿದೆ. ಮಂಗಳವಾರ ನೋಡಿದರೆ ಎಲ್ಲ ಸರಿ!

ಇವತ್ತು ಹಟ ಹಿಡಿದು ಸ್ವಿಚ್ಚಿನ ಮುಂದೆಯೇ ಕೂತೆ. ಬಫರ್ ತುಂಬಿ, ಡೇಟಾದ ಪ್ಯಾಕೆಟ್‌ಗಳು ಮುಂದೆ ಹೋಗಲಾಗದೆ ಸಾವಿರಗಟ್ಟಲೆ ಉದುರುತ್ತಿದ್ದವು. ಇರುವ ಒಂದೇ ಲೈನಿನ ತುಂಬ ಬರೀ ವಿಡಿಯೊ. ಎದ್ದು ಹೋಗಿ ನೋಡಿದರೆ ಇಪ್ಪತ್ತೆರಡು ಕಂಪ್ಯೂಟರುಗಳಲ್ಲೂ ತ್ರ್ಯಂಬಕೇಶ್ವರನ ನೇರ ದರ್ಶನ. ಕಾರ್ತೀಕ ಸೋಮವಾರವಲ್ಲವೆ!

"ಯಾರ್ರೀ ಇದನ್ನ ಶುರು ಮಾಡಿದ್ದು?" ಎಂದು ಕಿರುಚಿದೆ.

ಪಕ್ಕದ ಮೇಜಿನ ವಸುಧಾ ಮೆಲ್ಲಗೆ ಹೇಳಿದರು: "ಸರ್, ಲಿಂಕ್ ನೀವೇ ಗ್ರೂಪಿನ್ಯಾಗ ಹಾಕಿದ್ರಲ್ರೀ."

ಹೌದು. ಕಾರ್ತೀಕದ ಮೊದಲ ಸೋಮವಾರ ಕಲಬುರಗಿಯಿಂದ ಅವ್ವ ಕಳಿಸಿದ್ದನ್ನು ಹಾಗೇ ಫಾರ್ವರ್ಡ್ ಮಾಡಿದ್ದೆ.

ಎಲ್ಲವನ್ನೂ ಮುಚ್ಚಿಸಿದೆ. ಆಗ ಮಾಲೇಗಾಂವಿನ ಮಗ್ಗದ ಮುದುಕರೊಬ್ಬರ ಸರದಿ ಬಂತು. ಹೋದ ಸೋಮವಾರ ಅವರು ಐದು ಸಲ ಒತ್ತಿದರೂ ಆಗದಿದ್ದಾಗ, ನೂಲು ಎಳೆದೆಳೆದು ನಿಮ್ಮ ಬೆರಳಿನ ಗೆರೆಗಳೇ ಸವೆದಿವೆ, ದಿನಾ ಎಣ್ಣೆ ಹಚ್ಚಿಕೊಂಡು ಮುಂದಿನ ವಾರ ಬನ್ನಿ ಎಂದು ಬೈದಂತೆ ಹೇಳಿ ಕಳಿಸಿದ್ದೆ. ಇವತ್ತು ಮೊದಲ ಸಲಕ್ಕೇ ಆಯಿತು.

ಮಿರಮಿರ ಮಿಂಚುವ ಹೆಬ್ಬೆರಳನ್ನು ನನಗೆ ತೋರಿಸಿ, "ಆಪ್ ಕಾ ತೇಲ್ ಕಾಮ್ ಕರ್ ಗಯಾ, ಸಾಬ್" ಎಂದು, ನಾನು ಹೇಳಿದ ಎಣ್ಣೆಯೇ ಕೆಲಸ ಮಾಡಿತೆಂದು ಕೈಮುಗಿದರು.

ನಾನು ಹ್ಞೂಂ ಎಂದುಬಿಟ್ಟೆ.