ಒಂದೇ ಓಟು

ಗೀಲಾಂಗ್, ೨೪ ಸೆಪ್ಟೆಂಬರ್ ೧೮೫೬

ನಮ್ಮ ಯಜಮಾನರು ಆಂಬ್ರೋಸ್ ಚುನಾವಣೆಯಲ್ಲಿ ಒಂದೇ ಒಂದು ಓಟಿನಿಂದ ಸೋತರು. ಧಣಿಗೆ ಹೆದರದೆ ಬಡವನೂ ಓಟು ಹಾಕಲಿ ಎಂದು ಗುಟ್ಟಿನ ಮತದಾನಕ್ಕಾಗಿ ಶಾಸನಸಭೆಯಲ್ಲಿ ಗಂಟಲು ಹರಿದುಕೊಂಡವರು ಇವರು. ಆ ಗುಟ್ಟಿನ ಓಟಿನ ಪೆಟ್ಟಿಗೆಯೇ ಇವರನ್ನು ಮನೆಗೆ ಕಳಿಸಿತು. ನನಗಂತೂ ಸಿಟ್ಟು ಇನ್ನೂ ಇಳಿದಿಲ್ಲ.

ಸಂಜೆ ನಮ್ಮ ಬಾಡಿಗೆದಾರ, ಕುದುರೆಯ ಜೀನು ಹೊಲಿಯುವ ಟ್ರೆಗಿಯರ್, ಟೋಪಿ ಹಿಸುಕುತ್ತಾ ಬಂದ.

"ಧಣಿ, ನಾನು ಯಾರಿಗೆ ಹಾಕ್ದೆ ಅಂದ್ರೆ…"

"ಬಾಯಿ ಬಿಟ್ರೆ ಬಾಡಿಗೆ ಏರಿಸ್ತೀನಿ ನೋಡು!" ಎಂದು ನಕ್ಕು ಇವರು ಅವನ ಬೆನ್ನು ತಟ್ಟಿದರು.

ಅವನು ಹೋದ ಮೇಲೆ ತಡೆಯಲಾರದೆ ಕೇಳಿದೆ: "ನಿಮ್ಮ ಓಟಾದ್ರೂ ನಿಮಗೇ ಬಿತ್ತು ತಾನೆ? ಹಿಂದೆ ಎಲ್ಲರೆದುರು ಕೂಗಿ ಹೇಳೋ ಕಾಲದಲ್ಲಿ ಎದುರಾಳಿಗೇ ಹಾಕಿ ದೊಡ್ಡಸ್ತಿಕೆ ತೋರಿಸ್ತಿದ್ರಲ್ಲ!"

"ಲೆಟ್ಟಿ, ನೀನೂ ಕೇಳಬಾರದು ಕಣೇ."

ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮನುಷ್ಯ ಎಷ್ಟು ದೊಡ್ಡವರೆಂದು ಅಳೆಯಲಾಗಲಿಲ್ಲ. ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾರೆ, ಗೆದ್ದವರ ಹಾಗೆ.