ಪೌಳಿಯೊಳಗಿನ ಶಿಬಿರ

ತಾಲ್ಲೂಕಿನ ಡಾಕ್ಟರ್ ಸಾಹೇಬರಿಗೆ ಪ್ರಜ್ಞಾ ಮಾಡುವ ನಮಸ್ಕಾರ.

ಹೋದ ವರ್ಷ ನಮ್ಮೂರಲ್ಲಿ ಎಲ್ಲರಿಗೂ ಉಚಿತ ಶುಗರ್ ತಪಾಸಣೆ ಎಂದು ಡಂಗುರ ಹೊಡೆಸಿದಿರಿ. ಶಿಬಿರ ಹಾಕಿದ್ದು ಮಾತ್ರ ಗುಡಿಯ ಪೌಳಿಯೊಳಗೆ. ನನ್ನ ಅವ್ವ ಕೆಂಪವ್ವ ಬಾಗಿಲಿಗೆ ಬಂದಾಗ ಊರ ಹಿರಿಯ ವೀರಪ್ಪನವರು, "ನಿಮ್ಮ ಓಣಿಯವ್ರು ಹೊರಗ ನಿಲ್ರಿ, ಆಮ್ಯಾಲೆ ನೋಡ್ತಾರ" ಅಂದರು. ನೀವು ಕೇಳಿಸಿಕೊಂಡೂ ತಲೆ ಎತ್ತಲಿಲ್ಲ. ಸಂಜೆ ಜೀಪು ಹತ್ತಿ ಹೋದಿರಿ. ಅವ್ವ ಇನ್ನೂ ಹೊರಗೇ ನಿಂತಿದ್ದಳು.

ಮೊನ್ನೆ ರಾಮದುರ್ಗದ ಆಸ್ಪತ್ರೆಯಲ್ಲಿ ಅವಳ ಕಾಲಿನ ಕೊಳೆತ ಹೆಬ್ಬೆರಳು ಕತ್ತರಿಸಿದರು. ಶುಗರ್ ಇರುವುದು ನಮಗೆ ಗೊತ್ತಾದದ್ದೇ ಅಲ್ಲಿ. "ಮೊದಲ ಯಾಕ ತೋರಿಸಲಿಲ್ಲ?" ಎಂದು ಕೇಳಿದರು.

ಮುಂದಿನ ಶಿಬಿರ ನಮ್ಮ ಓಣಿಯ ಬುದ್ಧವಿಹಾರದಲ್ಲಿ ಹಾಕಿ. ನಾವು ಬಾಗಿಲಲ್ಲಿ ಯಾರನ್ನೂ ತಡೆಯುವುದಿಲ್ಲ. ವೀರಪ್ಪನವರಿಗೂ ಶುಗರ್ ಇದೆಯಂತೆ. ಅವರು ಒಳಗೆ ಬರುತ್ತಾರೋ ಇಲ್ಲವೋ, ಈ ಸಲವಾದರೂ ತಲೆ ಎತ್ತಿ ನೋಡಿ.

ಕೆಂಪವ್ವನ ಮಗಳು,
ಪ್ರಜ್ಞಾ