ರಾಗಿ ಹೊಲದ ಅವರೆ ಸಾಲು

ಚಾಮರಾಜನಗರ
ಭಾನುವಾರ, ೧೪ ಡಿಸೆಂಬರ್ ೨೦೨೫

ಪ್ರೀತಿಯ ತಮ್ಮಾ ಶಶೀ,

ಮಂಡಿನೋವು ಹೇಗಿದೆ? ಕಳೆದ ಭೇಟಿಯಲ್ಲಿ ನೀನು ಕುಂಟುತ್ತಾ ಬಂದು ಜಾಲರಿಯ ಆಚೆ ಕೂತದ್ದು ಕಣ್ಣಿಂದ ಹೋಗಿಲ್ಲ. ಮೈಸೂರಿನಲ್ಲೂ ಚಳಿ ಜಾಸ್ತಿಯಂತೆ. ಅವ್ವ ಸ್ವೆಟರ್ ತೆಗೆದಿಟ್ಟಿದ್ದಾಳೆ, ಮುಂದಿನ ಸಲ ತರುತ್ತೇನೆ. ಅವಳ ಬಿ.ಪಿ. ಹತೋಟಿಯಲ್ಲಿದೆ. ಹಲ್ಲಿನ ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳು ಅಂದಳು, ಕೇಳಿದ್ದೇನೆ. ಇನ್ನು ಮುಂದಿನದನ್ನು ಕೂತು ಓದು. ನಿನಗಿಂತ ಮೊದಲು ಈ ಕಾಗದ ಬಿಡಿಸಿ ನೋಡುವ ಜೈಲಿನ ಸಾಹೇಬರೂ ಓದಲಿ, ನನಗೇನೂ ಸಂಕೋಚವಿಲ್ಲ.

ಗುರುವಾರ ಹೈಕೋರ್ಟಿನಲ್ಲಿ ನಿನ್ನ ಅಪೀಲಿನ ವಿಚಾರಣೆ. ಭೀಮನಬೀಡಿನ ಎರಡೆಕರೆಗೆ ರಾಗಿ ಬಿತ್ತಿದವನು ನೀನು, ಕೊಯ್ದು ಮೆದೆ ಹಾಕಿದ್ದ ಬೆಳೆ ನಿನ್ನದು, ಮೂಗಯ್ಯ ಅದನ್ನು ಕದಿಯಲು ಬಂದ, ನಿನ್ನ ಸ್ವತ್ತು ಕಾಪಾಡಿಕೊಳ್ಳಲು ಟ್ರಾಕ್ಟರಿನ ರಾಡು ಬೀಸಿದೆ, ಆದ್ದರಿಂದ ಅದು ಕೊಲೆಯಲ್ಲ. ನಮ್ಮ ವಕೀಲರು ಶಿವರುದ್ರಸ್ವಾಮಿಯವರ ವಾದವೆಲ್ಲ ಇದರ ಮೇಲೇ ನಿಂತಿದೆ. ಆರು ವರ್ಷ ನಾನೂ ಇದನ್ನೇ ನಂಬಿದೆ. ನಂಟರಿಗೆ ಹೇಳಿದೆ, ಕಾಲೇಜಿನಲ್ಲಿ ನನ್ನ ಜೊತೆ ಪಾಠ ಮಾಡುವವರಿಗೆ ಹೇಳಿದೆ. ಮಕ್ಕಳಿಗೆ ಒಂದೊಂದು ಪದ್ಯವನ್ನೂ ನಾಲ್ಕು ಸಲ ಓದಿಸಿ, ಬರೆದವನು ಏನನ್ನು ಬಚ್ಚಿಟ್ಟಿದ್ದಾನೆ ಹುಡುಕಿ ಎನ್ನುವವಳು, ನಿನ್ನ ಮಾತನ್ನು ಮಾತ್ರ ಒಂದೇ ಸಲ ಕೇಳಿ ಒಪ್ಪಿಕೊಂಡುಬಿಟ್ಟೆ.

ಹೋದ ತಿಂಗಳು ವಕೀಲರ ಕಚೇರಿಯವರು ಕೇಸಿನ ಕಾಗದಗಳ ಕಟ್ಟು ಕಳಿಸಿದರು. ಕನ್ನಡದ ಮೂಲಕ್ಕೂ ಅವರು ಟೈಪು ಮಾಡಿಸಿದ ಇಂಗ್ಲಿಷಿಗೂ ತಾಳೆ ನೋಡಿಕೊಡಬೇಕಿತ್ತು. ‘ನಿಮ್ಮಂಥ ಓದಿದೋರು ಫ್ಯಾಮಿಲೀಲಿದ್ರೆ ನಮ್ಗೆ ಈಸಿ ಮೇಡಂ’ ಅಂದರು. ನೂರ ನಲವತ್ಮೂರನೇ ಪುಟ, ಪೊಲೀಸರು ಬರೆದ ಸ್ಥಳ ಮಹಜರು. ‘ಸದರಿ ಜಮೀನಿನಲ್ಲಿ ಕೊಯ್ದ ರಾಗಿ ಕೂಳೆಯ ಮಧ್ಯೆ ಏಳು ಸಾಲಿಗೊಂದರಂತೆ ಅವರೆ ಗಿಡಗಳಿದ್ದು, ಹೂ ಕಾಯಿ ಬಿಟ್ಟಿರುತ್ತವೆ.’ ಇಂಗ್ಲಿಷಿನಲ್ಲಿ ಇದು ಬರೀ ‘ಕೆಲವು ಗಿಡಗಳು’ ಎಂದಾಗಿತ್ತು. ಬರೆದ ಪೊಲೀಸಿನವನಿಗೂ ಅದರ ಅರ್ಥ ಗೊತ್ತಿರಲಿಲ್ಲವೇನೋ, ಕಂಡದ್ದು ಬರೆದ. ನಾನು ಮಾತ್ರ ಪುಟ ತಿರುವಿ ನಿನ್ನ ಹೇಳಿಕೆ ಹುಡುಕಿದೆ. ಜಡ್ಜ್ ಮುಂದೆ ನೀನು ಹೇಳಿದ್ದು ಅದೇ ಕಟ್ಟಿನಲ್ಲಿದೆಯಲ್ಲ: ಟ್ರಾಕ್ಟರ್ ಹೊಡೆಸಿ ಬರೀ ರಾಗಿ ಬಿತ್ತಿದ್ದೆ, ಬೇರೆ ಒಂದು ಕಾಳೂ ಹಾಕಿರಲಿಲ್ಲ, ಮೂಗಯ್ಯ ಆ ವರ್ಷ ಹೊಲಕ್ಕೆ ಕಾಲೇ ಇಟ್ಟಿರಲಿಲ್ಲ.

ಹಾಗಾದರೆ ಅವರೆ ಹಾಕಿದವರು ಯಾರು ಶಶೀ? ವಕೀಲರಿಗೆ ಫೋನು ಮಾಡಿದೆ. ‘ನಾಲ್ಕು ಅವರೆ ಗಿಡಕ್ಕೆ ಯಾಕೆ ತಲೆ ಕೆಡಿಸ್ಕೋತೀರಾ ಮೇಡಂ, ಹೊಲ ಅಂದ್ಮೇಲೆ ಏನೇನೋ ಹುಟ್ಟಿರುತ್ತೆ, ಆ ಪುಟ ಮುಟ್ಟಬೇಡಿ’ ಅಂದರು. ತಾನಾಗಿ ಹುಟ್ಟುವ ಗಿಡ ಏಳೇಳು ಸಾಲು ಎಣಿಸಿಕೊಂಡು ಹುಟ್ಟುತ್ತದೆಯೇ? ಅದು ಅಕ್ಕಡಿ ಸಾಲು. ಬೆಂಗಳೂರಿನ ವಕೀಲರಿಗೆ ಗೊತ್ತಿಲ್ಲದಿರಬಹುದು, ನಿನಗೆ ಗೊತ್ತಿಲ್ಲವೇ? ಅಪ್ಪನ ಕಾಲದಲ್ಲಿ ಆ ಹೊಲವನ್ನು ವಾರಕ್ಕೆ ಮಾಡುತ್ತಿದ್ದ ಮೂಗಯ್ಯ ಎತ್ತು ಕಟ್ಟಿ ಕೂರಿಗೆಯಲ್ಲಿ ರಾಗಿ ಬಿತ್ತುತ್ತಿದ್ದ. ಹಿಂದಿನಿಂದ ಅವನ ಹೆಂಡತಿ ಚಿಕ್ಕಮಾದಮ್ಮ ಮಡಿಲಲ್ಲಿ ಅವರೆ ಬೀಜ ತುಂಬಿಕೊಂಡು ಏಳು ಸಾಲಿಗೊಂದು ಸಾಲು ಬಿಡುತ್ತಾ ನಡೆಯುತ್ತಿದ್ದಳು. ನನ್ನ ಕೈಗೂ ಒಂದು ಹಿಡಿ ಕೊಟ್ಟು, ‘ಎಜ್ಜೆಗೊಂದ್ ಬೀಜ ಕಣಮ್ಮಿ, ಬಗ್ಗಿ ನೋಡ್ಬ್ಯಾಡ, ಸುಮ್ಕೆ ನಡಿ’ ಅನ್ನುತ್ತಿದ್ದಳು. ಪದ್ಯಕ್ಕೊಂದು ನಡೆ ಇರುತ್ತದೆ ಎಂದು ಆಮೇಲೆ ಎಂ.ಎ.ಯಲ್ಲಿ ಮೇಷ್ಟ್ರು ಹೇಳಿಕೊಟ್ಟಾಗ ನನ್ನ ಕಾಲಿಗೆ ಅದು ಮೊದಲೇ ಗೊತ್ತಿತ್ತು. ರಾಗಿ ಕೊಯ್ದ ಮೇಲೂ ಅವರೆ ಹೊಲದಲ್ಲೇ ನಿಂತಿರುತ್ತದೆ. ನೀನು ಮೆದೆಯನ್ನು ನಿನ್ನದೆಂದೆ, ಅವರೆಯನ್ನು ಮರೆತೆ. ಹೆಂಗಸರ ಕೈ ಬೆಳೆ ನಿನ್ನ ಕಣ್ಣಿಗೆ ಬೆಳೆಯೇ ಅಲ್ಲವಲ್ಲ!

ಕಟ್ಟಿನಲ್ಲಿ ಚಿಕ್ಕಮಾದಮ್ಮನ ಸಾಕ್ಷಿಯೂ ಇದೆ. ಇಷ್ಟು ವರ್ಷ ಸುಳ್ಳುಸಾಕ್ಷಿ ಎಂದುಕೊಂಡಿದ್ದೆ, ಈಗ ಓದಿದರೆ ಒಂದೊಂದು ಮಾತೂ ನಿಮ್ಮಿಬ್ಬರ ದನಿಯಲ್ಲೇ ಕೇಳುತ್ತದೆ. ಮೆದೆಗೆ ಬೆನ್ನು ಕೊಟ್ಟು ಕೂತು ಮೂಗಯ್ಯ ಅಂದನಂತೆ: ‘ಅರ್ಧ ನಿಂದು, ಅರ್ಧ ನಂದು ಶಶಿಯಪ್ಪಾ. ನಿಮ್ಮಪ್ಪ ಇದ್ದಾಗ್ಲೂ ಅಂಗೇ ಅಲ್ವಾ?’ ನೀನು ಅಂದೆಯಂತೆ: ‘ಅರ್ಧ ಕೊಡಕ್ಕೆ ನೀನೇನ್ ನಮ್ಮಪ್ಪನ್ ಮಗನೇನ್ಲಾ?’ ಆಮೇಲೆ ರಾಡು. ಬೆಳೆ ಕದಿಯಲು ಬಂದವನು ಮೆದೆಗೆ ಒರಗಿ ಕೂರುತ್ತಾನೇನೋ? ಅರವತ್ತು ದಾಟಿದ ಮುದುಕ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂತೆ ತೋರಿಸಿದವನು.

ಹೋದ ಭಾನುವಾರ ಬಸ್ಸು ಹತ್ತಿ ಭೀಮನಬೀಡಿಗೆ ಹೋದೆ, ಅವ್ವನಿಗೆ ಹೇಳದೆ. ಮೂಗಯ್ಯನ ಮಗ ಮಾದೇಶ ಕೇರಳಕ್ಕೆ ಶುಂಠಿ ಕೀಳಲು ಹೋಗಿದ್ದ. ಚಿಕ್ಕಮಾದಮ್ಮ ಒಬ್ಬಳೇ ಜಗುಲಿ ಮೇಲಿದ್ದಳು. ‘ಆರ್ ವರ್ಸಕ್ಕೆ ದಾರಿ ಗೊತ್ತಾಯ್ತೇನವ್ವಾ ನಿಂಗೆ?’ ಅಂದಳು. ಕೂರು ಅನ್ನಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಒಂದೇ: ‘ಆ ವರ್ಸದ್ ಅವರೆ ಯಾರ್ ಕಿತ್ಕಂಡ್ರು? ನಾವ್ ತಿಥಿ ಮುಗ್ಸಿ ಒಲಕ್ಕೋಗೋ ಒತ್ಗೆ ಒಂದ್ ಕಾಯೂ ಇರ್ನಿಲ್ಲ.’

ಯಾರು ಕಿತ್ತರೆಂದು ನನಗೆ ಗೊತ್ತು. ನಿನ್ನ ಟ್ರಾಕ್ಟರ್ ಓಡಿಸುತ್ತಿದ್ದ ಶಂಕರನ ಕೈಲಿ ಕೀಳಿಸಿ ಅವ್ವ ಒಂದು ಚೀಲ ಇಲ್ಲಿಗೆ ತಂದಿದ್ದಳು. ರಾತ್ರಿ ನೆನೆಸಿಟ್ಟು, ಬೆಳಗ್ಗೆ ಹಿತಕಿ, ಸಾರು ಮಾಡಿದೆ. ಎಂಥ ಸೊಗಡು ಅವ್ವಾ, ಯಾರ ಹೊಲದ್ದು ಎಂದು ಕೇಳಿದ್ದೂ ಉಂಟು. ‘ನಮ್ದೇ ಕಣೆ, ಉಣ್ಣು’ ಅಂದಳು. ಉಂಡೆ. ಎರಡನೇ ಸಲ ಬಡಿಸಿಕೊಂಡೆ. ಸಾಕ್ಷಿಯನ್ನು ಬೆರಳಲ್ಲಿ ಹಿತಕಿ ತಿಂದವಳು ನಾನು. ಚಿಕ್ಕಮಾದಮ್ಮನಿಗೆ ಅದನ್ನು ಹೇಳದೆಯೇ ವಾಪಸು ಬಸ್ಸು ಹತ್ತಿದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು. ಆ ಅರ್ಧವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಈ ಕಾಗದ ಕೈಸೇರಿದ ದಿನವೇ ಜೈಲಿನ ಫೋನಿನಿಂದ ವಕೀಲರಿಗೆ ಹೇಳು: ಬೆಳೆ ನನ್ನದು ಎಂಬ ವಾದ ಬೇಡ. ಸಿಟ್ಟಿನ ಭರದಲ್ಲಿ ಹೊಡೆದೆ, ಸಾಯಿಸಲು ಹೋಗಿರಲಿಲ್ಲ ಎನ್ನಲಿ. ಅದನ್ನು ನಾನು ಈಗಲೂ ನಂಬುತ್ತೇನೆ. ಅದರಿಂದ ಶಿಕ್ಷೆ ಕಡಿಮೆಯಾದರೆ ನಿನ್ನನ್ನು ಕರೆತರಲು ಗೇಟಿನ ಮುಂದೆ ಮೊದಲು ನಿಲ್ಲುವವಳು ನಾನೇ. ಆದರೆ ಸತ್ತವನನ್ನು ಕಳ್ಳನನ್ನಾಗಿ ಮಾಡಿ ನೀನು ಹೊರಗೆ ಬರುವುದಾದರೆ ನನ್ನ ಮನೆಗೆ ಬರಬೇಡ.

ಮಂಡಿಗೆ ಬಿಸಿನೀರು ಕೇಳಿ ಹಾಕಿಕೋ. ಅವ್ವ ದಿನಾ ನಿನ್ನ ಹೆಸರಿಗೆ ದೀಪ ಹಚ್ಚುತ್ತಾಳೆ. ನಾನು ಬೇಡ ಎಂದಿಲ್ಲ. ದೇವರು ನಿನಗೆ ನಿಜ ಹೇಳುವ ಬಾಯಿ ಕೊಡಲಿ.

ನಿನ್ನ ಅಕ್ಕ,
ಚಾಮುಂಡಿ

ಇನ್ನೊಂದು ಮಾತು. ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀನು ಒಪ್ಪುವವರೆಗೆ ಕಾಯುವಷ್ಟು ನಂಬಿಕೆ ನನ್ನಲ್ಲಿ ಉಳಿದಿಲ್ಲ. ನೂರ ನಲವತ್ಮೂರನೇ ಪುಟದ ಕನ್ನಡ ಪ್ರತಿಯಲ್ಲಿ ಆ ಸಾಲಿಗೆ ಗೆರೆ ಎಳೆದು ಸರ್ಕಾರಿ ವಕೀಲರಿಗೆ ಹೋದ ಗುರುವಾರವೇ ಸ್ಪೀಡ್ ಪೋಸ್ಟ್ ಮಾಡಿದೆ, ಮರುದಿನ ತಲುಪಿದೆ. ಜೊತೆಗೆ ಅಕ್ಕಡಿ ಸಾಲೆಂದರೆ ಏನು, ಅದನ್ನು ಹೇಗೆ ಬಿತ್ತುತ್ತಾರೆ ಎಂದು ಒಂದು ಹಾಳೆ ಬರೆದಿದ್ದೇನೆ. ಕೆಳಗೆ ನನ್ನ ಹೆಸರು, ಆರೋಪಿಯ ಅಕ್ಕ ಎಂದೂ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಮಾರ್ಕೆಟ್ಟಿನಿಂದ ಅವರೆಕಾಯಿ ತಂದು ನಡುಮನೆಯಲ್ಲಿ ಸುಲಿಯುತ್ತಾ ಕೂತಿದ್ದಾಳೆ. ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿ ಬಂದು, ಅವಳೆದುರು ಕೂತು ಹೇಳುತ್ತೇನೆ.